ದೇಶದ ಜಮಾಖರ್ಚು ಮತ್ತು ನಮ್ಮ ಮೌನ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಉರ್ದು, ಕನ್ನಡ ಕಲಿಸುವ ಮೇಷ್ಟರಿಗೆ ಬಜೆಟ್ಟಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಾನು ಅರ್ಥಶಾಸ್ತ್ರಜ್ಞನಲ್ಲ. ಆದರೆ ಮಕ್ಕಳ ಹಾಜರಿ ಪುಸ್ತಕ ನನ್ನ ಕೈಯಲ್ಲಿದೆ. ದೆಹಲಿಯಲ್ಲಿ ಓದುವ ಬಜೆಟ್ಟಿಗೂ ಈ ಹಾಜರಿ ಪುಸ್ತಕಕ್ಕೂ ಇರುವ ಸಂಬಂಧವನ್ನು ನನಗೆ ತಿಳಿದಷ್ಟು ನಿಮ್ಮ ಮುಂದಿಡುತ್ತೇನೆ.

ಮೊದಲಿಗೆ ಒಂದು ಮಾತು. ಸರ್ಕಾರದ ಹಣ ಎಂದು ನಾವು ಕರೆಯುವುದು ನಮ್ಮದೇ ಹಣ. ಆದಾಯ ತೆರಿಗೆ ಕಟ್ಟುವವರು ಮಾತ್ರ ತೆರಿಗೆದಾರರಲ್ಲ. ಸೋಪು ಕೊಳ್ಳುವ ತಾಯಿ, ಮೊಬೈಲ್ ರೀಚಾರ್ಜ್ ಮಾಡಿಸುವ ಆಟೋ ಚಾಲಕ, ಚಪ್ಪಲಿ ಕೊಳ್ಳುವ ಕೂಲಿಕಾರ ಎಲ್ಲರೂ ಬೆಲೆಯ ಜೊತೆಗೆ ತೆರಿಗೆಯನ್ನೂ ಕೊಡುತ್ತಾರೆ. ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿದೆ. ಹಜರತ್ ಉಮರ್ (ರ.ಅ.) ಅವರು ಖುತ್ಬಾಕ್ಕೆ ನಿಂತಾಗ, ಎಲ್ಲರಿಗೂ ಒಂದೊಂದು ತುಂಡು ಬಟ್ಟೆ ಬಂದಿರುವಾಗ ನಿಮಗೆ ಇಷ್ಟು ದೊಡ್ಡ ಅಂಗಿ ಹೇಗಾಯಿತು ಎಂದು ಸಾಮಾನ್ಯನೊಬ್ಬ ಕೇಳಿದ ಪ್ರಸಂಗವನ್ನು ನಾವು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಖಲೀಫರು ಸಿಟ್ಟಾಗಲಿಲ್ಲ. ಮಗ ತನ್ನ ಪಾಲನ್ನು ತಂದೆಗೆ ಕೊಟ್ಟಿದ್ದನೆಂಬ ಲೆಕ್ಕ ಸಭೆಯ ಮುಂದೆ ಬಂತು. ಬೈತುಲ್‌ಮಾಲಿನ ಲೆಕ್ಕವನ್ನು ಕೇಳುವುದು ಬೇಅದಬಿ ಅಲ್ಲ, ಅದು ಜವಾಬ್ದಾರಿ ಎಂಬುದೇ ಇದರ ಪಾಠ. ಪವಿತ್ರ ಕುರ್‌ಆನಿನ 42ನೇ ಅಧ್ಯಾಯದ ಹೆಸರೇ ‘ಅಶ್ಶೂರಾ’, ಅಂದರೆ ಸಮಾಲೋಚನೆ.

ನಮ್ಮ ಸಂವಿಧಾನವೂ ಇದೇ ತತ್ವದ ಮೇಲೆ ನಿಂತಿದೆ. ಕಾನೂನಿನ ಒಪ್ಪಿಗೆಯಿಲ್ಲದೆ ದೇಶದ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲ. 112ನೇ ವಿಧಿಯಂತೆ ಪ್ರತಿವರ್ಷದ ಆಯವ್ಯಯವನ್ನು ಸಂಸತ್ತಿನ ಮುಂದಿಡಬೇಕು. ಸ್ವತಂತ್ರ ಭಾರತದ ಮೊದಲ ಬಜೆಟ್ಟನ್ನು ಆರ್.ಕೆ. ಷಣ್ಮುಖಂ ಚೆಟ್ಟಿಯವರು 1947ರ ನವೆಂಬರ್ 26ರಂದು ಮಂಡಿಸಿದರು. ಫೆಬ್ರವರಿ ಕೊನೆಯಲ್ಲಿ ಮಂಡನೆಯಾಗುತ್ತಿದ್ದ ಬಜೆಟ್ 2017ರಿಂದ ಫೆಬ್ರವರಿ 1ಕ್ಕೆ ಬಂತು. ಅದೇ ವರ್ಷ ರೈಲ್ವೆ ಬಜೆಟ್ಟೂ ಅದರಲ್ಲಿ ಸೇರಿತು.

ನಾವು ಟಿ.ವಿ.ಯಲ್ಲಿ ನೋಡುವುದು ಹಣಕಾಸು ಸಚಿವರ ಭಾಷಣವನ್ನು ಮಾತ್ರ. ನಿಜವಾದ ಕೆಲಸ ಶುರುವಾಗುವುದು ಅದರ ನಂತರ. ಮೊದಲು ಸಾಮಾನ್ಯ ಚರ್ಚೆ. ಬಳಿಕ ಸದನಕ್ಕೆ ಬಿಡುವು. ಆಗ 1993ರಲ್ಲಿ ಆರಂಭವಾದ ಇಲಾಖಾವಾರು ಸ್ಥಾಯಿ ಸಮಿತಿಗಳು ಒಂದೊಂದು ಸಚಿವಾಲಯದ ಬೇಡಿಕೆಯನ್ನೂ ಪರಿಶೀಲಿಸುತ್ತವೆ. ಮತ್ತೆ ಸದನ ಸೇರಿದಾಗ ಅನುದಾನ ಬೇಡಿಕೆಗಳ ಚರ್ಚೆ ನಡೆಯಬೇಕು. ಸರ್ಕಾರದ ನೀತಿಯೇ ಸರಿಯಿಲ್ಲ ಎನ್ನುವ ಸದಸ್ಯರು ಆ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಬೇಕೆಂದು ಕಡಿತ ಸೂಚನೆ ಕೊಡಬಹುದು. ಒಂದು ನಿರ್ದಿಷ್ಟ ದೂರು ಇದ್ದರೆ ನೂರು ರೂಪಾಯಿ ಕಡಿತ ಕೇಳಬಹುದು. ನೂರು ರೂಪಾಯಿಯಿಂದ ಖಜಾನೆ ಬರಿದಾಗುವುದಿಲ್ಲ, ತುಂಬುವುದೂ ಇಲ್ಲ. ಆದರೆ ಆ ನೆಪದಲ್ಲಿ ಬಡವನ ದೂರು ಸದನದ ದಾಖಲೆಗೆ ಸೇರುತ್ತದೆ.

ದುರದೃಷ್ಟದಿಂದ ಚರ್ಚೆಗೆ ಸಮಯ ಸಿಗುವುದು ಕೆಲವೇ ಸಚಿವಾಲಯಗಳಿಗೆ. ನಿಗದಿಯಾದ ಕೊನೆಯ ದಿನ ಸ್ಪೀಕರ್ ಅವರು ಉಳಿದ ಎಲ್ಲ ಬೇಡಿಕೆಗಳನ್ನೂ ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಇದನ್ನು ‘ಗಿಲೋಟಿನ್’ ಎನ್ನುತ್ತಾರೆ. 2018ರ ಮಾರ್ಚ್‌ನಲ್ಲಿ ಗದ್ದಲದ ನಡುವೆ ಲೋಕಸಭೆಯಲ್ಲಿ ಎಲ್ಲ ಬೇಡಿಕೆಗಳೂ ಹೀಗೇ ಅಂಗೀಕಾರವಾದವು. 2023ರ ಮಾರ್ಚ್ 23ರಂದು ಮತ್ತೆ ಅದೇ ಆಯಿತು. ಆ ವರ್ಷದ ಬಜೆಟ್ ಗಾತ್ರ ಸುಮಾರು 45 ಲಕ್ಷ ಕೋಟಿ ರೂಪಾಯಿ. ಮದುವೆ ಮನೆಯ ಖರ್ಚಿಗೂ ನಾವು ನಾಲ್ಕು ಜನ ಹಿರಿಯರನ್ನು ಕೂರಿಸಿಕೊಂಡು ಮಾತನಾಡುತ್ತೇವೆ. ಆಡಳಿತ ಪಕ್ಷವಾಗಲಿ, ವಿರೋಧ ಪಕ್ಷವಾಗಲಿ, ಈ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು.

ಚರ್ಚೆಯಾಗದಿದ್ದರೆ ನಮಗೇನು ನಷ್ಟ? ಇದಕ್ಕೆ ನಮ್ಮದೇ ಉದಾಹರಣೆ ಇದೆ. ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ 2006ರ ಜನವರಿಯಲ್ಲಿ ರಚನೆಯಾಯಿತು. ಅದೇ ವರ್ಷದ ನವೆಂಬರ್ 30ರಂದು ಸಾಚಾರ್ ಸಮಿತಿಯ ವರದಿ ಸಂಸತ್ತಿನ ಮುಂದೆ ಬಂದು, ಶಿಕ್ಷಣದಲ್ಲಿ ಮುಸ್ಲಿಮರು ಎಷ್ಟು ಹಿಂದುಳಿದಿದ್ದಾರೆಂದು ಅಂಕಿ ಅಂಶಗಳ ಸಮೇತ ತೋರಿಸಿತು. 2008ರಲ್ಲಿ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಬಂತು. ಮುಸ್ಲಿಮರಲ್ಲದೆ ಕ್ರೈಸ್ತ, ಸಿಖ್, ಬೌದ್ಧ, ಪಾರಸಿ ಮಕ್ಕಳಿಗೂ ಅದು ಅನ್ವಯಿಸುತ್ತಿತ್ತು. ಮುಂದೆ ಜೈನರೂ ಸೇರಿದರು. ಪೋಷಕರ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿ ಮೀರಬಾರದು, ಹಿಂದಿನ ತರಗತಿಯಲ್ಲಿ ಶೇಕಡ 50 ಅಂಕ ಇರಬೇಕು, ಶೇಕಡ 30 ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಐದನೇ ತರಗತಿಯವರೆಗಿನ ಮಗುವಿಗೆ ವರ್ಷಕ್ಕೆ ಸಿಗುತ್ತಿದ್ದುದು ಒಂದು ಸಾವಿರ ರೂಪಾಯಿ. ಸಾವಿರ ರೂಪಾಯಿ ಎಷ್ಟು ಎಂದು ಕೇಳಬೇಡಿ. ಒಂದು ಚೀಲ, ಒಂದು ಜೊತೆ ಶೂ, ವರ್ಷದ ನೋಟ್ ಪುಸ್ತಕ. ಬೀಡಿ ಕಟ್ಟುವ ತಾಯಿಗೆ ಅದು ದೊಡ್ಡ ಮೊತ್ತವೇ.

2022ರ ನವೆಂಬರ್‌ನಲ್ಲಿ, ಅಂದರೆ ಶಾಲೆ ಆರಂಭವಾಗಿ ಅರ್ಜಿಗಳನ್ನು ಹಾಕಿಯಾದ ಮೇಲೆ, ಈ ವೇತನವನ್ನು 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತಗೊಳಿಸಲಾಯಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಎಂಟನೇ ತರಗತಿಯವರೆಗೆ ಶಿಕ್ಷಣ ಉಚಿತವಾಗಿಯೇ ಇದೆ, ಬೇರೆ ವರ್ಗಗಳಿಗೂ ಕೇಂದ್ರದ ಮೆಟ್ರಿಕ್ ಪೂರ್ವ ವೇತನ 9 ಮತ್ತು 10ಕ್ಕೆ ಮಾತ್ರ ಇದೆ ಎಂಬುದು ಸರ್ಕಾರದ ವಾದ. ಈ ವಾದವನ್ನು ತಳ್ಳಿಹಾಕಬೇಕಿಲ್ಲ, ಆದರೆ ಉತ್ತರಿಸಬೇಕು. ಶುಲ್ಕ ಇಲ್ಲದಿದ್ದರೂ ಶೂ, ಚೀಲಗಳಿಗೆ ಖರ್ಚಿದೆ; ಮಗು ಶಾಲೆ ಬಿಡಲು ಇಂಥ ಸಣ್ಣ ಖರ್ಚುಗಳೂ ಕಾರಣವಾಗಬಹುದು. ಈ ವಾದ ಪ್ರತಿವಾದ ನಡೆಯಬೇಕಾದ ಜಾಗ ಸಂಸತ್ತು.

ಈಗ ಅಂಕಿಗಳನ್ನು ನೋಡಿ. 2022-23ರ ಬಜೆಟ್ಟಿನಲ್ಲಿ ಈ ಸಚಿವಾಲಯಕ್ಕೆ ಇಟ್ಟದ್ದು 5,020.50 ಕೋಟಿ ರೂಪಾಯಿ. ಅದೇ ವರ್ಷದ ಪರಿಷ್ಕೃತ ಅಂದಾಜು 2,612.66 ಕೋಟಿ. ಮರುವರ್ಷದ ಬಜೆಟ್ 3,097.60 ಕೋಟಿ. ಮೆಟ್ರಿಕ್ ಪೂರ್ವ ವೇತನದ ಬಾಬತ್ತು 1,425 ಕೋಟಿಯಿಂದ 433 ಕೋಟಿಗೆ ಇಳಿಯಿತು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಸಂಸತ್ತು ಒಪ್ಪುವ ಅನುದಾನ ಖರ್ಚು ಮಾಡಲು ಅನುಮತಿಯೇ ಹೊರತು ಖರ್ಚು ಮಾಡಲೇಬೇಕೆಂಬ ಅಪ್ಪಣೆಯಲ್ಲ. ಆದ್ದರಿಂದ ಫೆಬ್ರವರಿಯಲ್ಲಿ ಘೋಷಣೆಗೆ ಚಪ್ಪಾಳೆ ತಟ್ಟಿದರೆ ಸಾಲದು, ವರ್ಷವಿಡೀ ಕೇಳುತ್ತಿರಬೇಕು. 2022ರ ಡಿಸೆಂಬರ್‌ನಲ್ಲಿ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ನಿಲ್ಲಿಸಿದ ವಿಷಯ ಲೋಕಸಭೆಯಲ್ಲಿ ಗೊತ್ತಾದದ್ದು ಸಂಸದರೊಬ್ಬರ ಪ್ರಶ್ನೆಗೆ ಬಂದ ಲಿಖಿತ ಉತ್ತರದಿಂದ. ಒಂದು ಪ್ರಶ್ನೆಗೆ ಇಷ್ಟು ಬೆಲೆಯಿದೆ.

ಸರ್ಕಾರದ ಕಷ್ಟವನ್ನೂ ನಾವು ಅರಿಯಬೇಕು. 2025-26ರ ಬಜೆಟ್ ಸುಮಾರು 50.65 ಲಕ್ಷ ಕೋಟಿ. ಅದರಲ್ಲಿ ಸುಮಾರು 12.76 ಲಕ್ಷ ಕೋಟಿ, ಅಂದರೆ ಕಾಲು ಭಾಗ, ಹಳೆಯ ಸಾಲದ ಬಡ್ಡಿಗೇ ಹೋಗುತ್ತದೆ. ಉಳಿದುದರಲ್ಲೇ ಸೇನೆ, ರಸ್ತೆ, ರೈಲು, ರೇಷನ್, ಗೊಬ್ಬರ, ಆಸ್ಪತ್ರೆ, ಶಾಲೆ ಎಲ್ಲವೂ ಆಗಬೇಕು. ಹಣ ಮಿತವಾಗಿದ್ದಾಗಲೇ ಯಾರಿಗೆ ಮೊದಲು ಎಂಬ ಚರ್ಚೆ ಬೇಕಾಗುತ್ತದೆ. ಸುಮ್ಮನೆ ಕುಳಿತವರ ಪಾಲು ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ.

ನಮ್ಮ ತಪ್ಪುಗಳನ್ನೂ ಒಪ್ಪಿಕೊಳ್ಳೋಣ. ಮಗುವಿನ ಹೆಸರು ಶಾಲೆಯಲ್ಲಿ ‘ಮುಹಮ್ಮದ್’, ಆಧಾರ್‌ನಲ್ಲಿ ‘ಮೊಹಮ್ಮದ್’, ಬ್ಯಾಂಕ್ ಪುಸ್ತಕದಲ್ಲಿ ಬರೀ ‘ಎಂ.ಡಿ.’ ಎಂದಿದ್ದರೆ ಮಂಜೂರಾದ ಹಣವೂ ಖಾತೆಗೆ ಬರುವುದು ಕಷ್ಟ. ಆದಾಯ ಪ್ರಮಾಣಪತ್ರ ಮಾಡಿಸಲು ಕೊನೆಯ ದಿನದವರೆಗೆ ಕಾಯುತ್ತೇವೆ. ಹೀಗೆ ಉಳಿದ ಹಣವನ್ನು ತೋರಿಸಿ, ಬೇಡಿಕೆಯೇ ಇಲ್ಲವೆಂದು ಯಾರಾದರೂ ಹೇಳಿದರೆ ನಮ್ಮ ಬಳಿ ಉತ್ತರವಿರುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಮೂರು. ಒಂದು, ಬಜೆಟ್ ಪತ್ರಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಈ ಸಂಸ್ಥೆಯ ಯುವಕರು ಶಿಕ್ಷಣ ಮತ್ತು ಅಲ್ಪಸಂಖ್ಯಾತ ಸಚಿವಾಲಯಗಳ ಪುಟಗಳನ್ನಾದರೂ ಓದಿ, ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ನಿಜವಾದ ಖರ್ಚು ಈ ಮೂರನ್ನೂ ಹೋಲಿಸಿ ಕನ್ನಡ ಮತ್ತು ಉರ್ದುವಿನಲ್ಲಿ ಒಂದು ಹಾಳೆ ಬರೆದು ಮಸೀದಿ, ಶಾಲೆಗಳಲ್ಲಿ ಹಂಚಲಿ. ಎರಡು, ನಿಮ್ಮ ಸಂಸದರು ಯಾವ ಪಕ್ಷದವರೇ ಆಗಿರಲಿ, ಅಧಿವೇಶನಕ್ಕೆ ಮೊದಲೇ ಅವರಿಗೆ ಪತ್ರ ಬರೆಯಿರಿ. ಪ್ರಶ್ನೆ ಕೇಳಲು ಅವರು ಕನಿಷ್ಠ 15 ದಿನ ಮುಂಚೆ ಸೂಚನೆ ಕೊಡಬೇಕು. ಸ್ಪಷ್ಟವಾದ ಒಂದು ಪ್ರಶ್ನೆ ಹತ್ತು ಮನವಿಪತ್ರಗಳಿಗಿಂತ ಮೇಲು. ಮೂರು, ಮಕ್ಕಳಿಗೆ ಶಾಲೆಯಲ್ಲಿಯೇ ಲೆಕ್ಕ ಕೇಳುವ ಅಭ್ಯಾಸ ಮಾಡಿಸೋಣ. ಶಾಲಾ ಸಂಸತ್ತಿನಲ್ಲಿ ಒಂದು ಸಣ್ಣ ಬಜೆಟ್ ಮಂಡಿಸಲಿ, ವಾದಿಸಲಿ, ಒಪ್ಪಲಿ. ಈ ಸಂಸ್ಥೆಯ ಲೆಕ್ಕವನ್ನೂ ನೀವು ಕೇಳಬೇಕು. ಮನೆಯಲ್ಲಿ ಕೇಳದವನು ದೆಹಲಿಯಲ್ಲಿ ಏನು ಕೇಳಿಯಾನು?

ಇದು ಒಂದು ಸಮುದಾಯದ ಪಾಲಿನ ಮಾತು ಮಾತ್ರವಲ್ಲ. ಒಂದು ಸಾವಿರ ರೂಪಾಯಿ ಸಿಗದೆ ಶಾಲೆ ಬಿಡುವ ಮಗು ಯಾವ ಜಾತಿಯದ್ದಾದರೂ ನಷ್ಟ ಈ ದೇಶಕ್ಕೇ. ಸೌಜನ್ಯದಿಂದ, ಅಂಕಿ ಅಂಶಗಳೊಂದಿಗೆ, ಬಿಡದೆ ಕೇಳೋಣ. ಕೇಳುವ ಜ್ಞಾನವನ್ನೂ, ಸತ್ಯ ಹೇಳುವ ಧೈರ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.