ಒಂದೇ ಬೆಂಕಿ, ಎರಡು ಲೆಕ್ಕ

ತಲಕಾಡಿನಿಂದ ಹೊಳೆ ದಾಟಿ, ಕೊಳ್ಳೇಗಾಲ, ಯಳಂದೂರಿನ ಕಡೆ ಸಾಗಿದರೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿನ ಸೋಲಿಗರು ಬೇಸಿಗೆ ಬಲಿಯುವ ಮೊದಲೇ, ನೆಲದ ತೇವ ಪೂರ್ತಿ ಆರದಿರುವಾಗಲೇ, ಉದುರಿದ ಎಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಕೊಂಬೆಗೆ ಏರದೆ ನೆಲದ ತರಗನ್ನಷ್ಟೇ ಮೇಯ್ದು ಆರುವ ಈ ಬೆಂಕಿಗೆ ತರಗು ಬೆಂಕಿ ಎಂದೇ ಹೆಸರು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ತರಗು ಬೆಂಕಿ ಅಪರಾಧವಾಯಿತು. ಇನ್ನೊಂದು ಕಡೆ ನೋಡಿ. ಆಸ್ಟ್ರೇಲಿಯದ ಉತ್ತರ ತುದಿಯ ಆರ್ನೆಮ್ ಲ್ಯಾಂಡಿನಲ್ಲಿ ಅಲ್ಲಿನ ಮೂಲನಿವಾಸಿಗಳೂ ಒಣಹವೆಯ ಮೊದಲ ತಿಂಗಳುಗಳಲ್ಲಿ ಇಂಥದೇ ಸಣ್ಣ ಬೆಂಕಿ ಹಾಕುತ್ತಾರೆ. ಆಮೇಲೆ ಬರುವ ದೊಡ್ಡ ಕಾಳ್ಗಿಚ್ಚು ಇದರಿಂದ ತಗ್ಗುತ್ತದೆ, ಅದು ಉಗುಳುವ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಕಡಿಮೆಯಾಗುತ್ತದೆ. ಈ ಉಳಿತಾಯಕ್ಕಾಗಿ 2006ರಲ್ಲಿ ಕೊನೊಕೊಫಿಲಿಪ್ಸ್ ಎಂಬ ಅನಿಲ ಕಂಪನಿ ವರ್ಷಕ್ಕೆ ಸುಮಾರು 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಡಲು ಒಪ್ಪಿತು. ಒಂದು ಕಡೆ ಕೇಸು, ಇನ್ನೊಂದು ಕಡೆ ಕ್ರೆಡಿಟ್ಟು. ಈ ವ್ಯತ್ಯಾಸ ಹುಟ್ಟಿದ್ದು ಎಲ್ಲಿ ಎಂಬುದೇ ಇವತ್ತಿನ ನನ್ನ ವಿಷಯ.

ಅಲ್ಲಿನದು ಹುಲ್ಲುಗಾವಲು, ಇಲ್ಲಿನದು ಎಲೆ ಉದುರುವ ಕಾಡು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂದು ಅರಣ್ಯಶಾಸ್ತ್ರ ಬಲ್ಲವರು ಹೇಳಬಹುದು. ಮಾತು ನಿಜ. ಆರ್ನೆಮ್ ಲ್ಯಾಂಡಿನ ಅಳತೆಯ ವಿಧಾನವನ್ನು ಹಾಗೇ ತಂದು ಬಿಳಿಗಿರಿಗೆ ಹಚ್ಚಲು ಬಾರದು. ಆದರೆ ಬಿಳಿಗಿರಿಯಲ್ಲಿ ಬೆಂಕಿ ನಿಂತ ಮೇಲೆ ಏನಾಯಿತು ಎಂಬುದನ್ನೂ ನೋಡಬೇಕಲ್ಲ. 1997 ಮತ್ತು 2008ರಲ್ಲಿ ಅದೇ ಕಾಡನ್ನು ಎರಡು ಸಲ ಅಳೆದ ಸಂಶೋಧಕರಿಗೆ, ಲಂಟಾನ ಕಂಡ ಜಾಗಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ಆಳೆತ್ತರದ ಆ ಮುಳ್ಳುಪೊದೆಯ ಕೆಳಗೆ ಹುಲ್ಲು ಬೆಳೆಯುವುದಿಲ್ಲ, ನೆಲ್ಲಿಯ ಸಸಿ ಏಳುವುದಿಲ್ಲ. ದೊಡ್ಡ ನೆಲ್ಲಿಮರಗಳ ಮೇಲೆ ಬಂದಳಿಕೆ ಕೂತು ರಸ ಹೀರುತ್ತದೆ. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ತರಗು ಬೆಂಕಿ ಇದ್ದಾಗ ಈ ಎರಡೂ ಹತೋಟಿಯಲ್ಲಿದ್ದವು ಎಂಬುದು ಅವರ ವಾದ. ಲಂಟಾನ ಹಬ್ಬಲು ಬೆಂಕಿ ನಿಂತದ್ದೊಂದೇ ಕಾರಣವೇ ಎಂಬುದರಲ್ಲಿ ವಿಜ್ಞಾನಿಗಳೊಳಗೇ ಚರ್ಚೆಯಿದೆ. ಆದರೆ ಒಣಗಿದ ಲಂಟಾನಕ್ಕೆ ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಅದು ಪೊದೆಯನ್ನೇ ಏಣಿ ಮಾಡಿಕೊಂಡು ಮರದ ನೆತ್ತಿಗೆ ಏರುತ್ತದೆ. ಹಾಗಾಗಿ ಇದು ಕನಿಷ್ಠ ಪರೀಕ್ಷೆಗೆ ಯೋಗ್ಯವಾದ ಪ್ರಶ್ನೆ. ಆಸ್ಟ್ರೇಲಿಯದಲ್ಲಿ ಆ ಪರೀಕ್ಷೆ ನಡೆಯಿತು. 1976ರ ಭೂಹಕ್ಕು ಕಾಯ್ದೆಯಿಂದ ಆರ್ನೆಮ್ ಲ್ಯಾಂಡ್ ಅಲ್ಲಿನ ಜನರ ಒಡೆತನಕ್ಕೆ ಬಂದಿತ್ತು, ಹೀಗಾಗಿ ವಿಜ್ಞಾನಿಗಳೂ ಕಂಪನಿಯೂ ಅವರ ಬಳಿಗೇ ಬಂದು ಕೂರಬೇಕಾಯಿತು. ನಮ್ಮಲ್ಲಿ ಪ್ರಶ್ನೆ ಕೇಳುವ ಜಾಗದಲ್ಲೇ ಸೋಲಿಗರಿರಲಿಲ್ಲ.

ಇನ್ನು ಕ್ರೆಡಿಟ್ಟು ಮಾರುವ ಸಂತೆಯ ವಿಚಾರ. ಒಂದು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರದಂತೆ ತಡೆದರೆ, ಅಥವಾ ಗಾಳಿಯಿಂದ ಹೀರಿದರೆ, ಒಂದು ಕಾರ್ಬನ್ ಕ್ರೆಡಿಟ್. ಕಾನೂನಿನ ಒತ್ತಾಯವಿಲ್ಲದೆ ಕಂಪನಿಗಳು ತಮ್ಮ ಹೊಗೆಯ ಲೆಕ್ಕ ಸರಿದೂಗಿಸಲು ಇದನ್ನು ಕೊಳ್ಳುವ ಜಾಗವೇ ಸ್ವಯಂಪ್ರೇರಿತ ಮಾರುಕಟ್ಟೆ. ಇರುವ ಕಾಡನ್ನು ಉಳಿಸುವ ಯೋಜನೆಗಳ ಮಟ್ಟಿಗೆ ಇದರ ನಿಯಮ ವಿಚಿತ್ರ: ಯೋಜನೆ ಬರದಿದ್ದರೆ ಈ ಕಾಡು ಹಾಳಾಗುತ್ತಿತ್ತು ಎಂದು ತೋರಿಸಬೇಕು. ಹಾಳು ಮಾಡದೆ ಬಾಳಿದವರಿಗೆ ಇಲ್ಲಿ ಬಿಡಿಗಾಸಿಲ್ಲ. ಅಪಾಯ ಎಷ್ಟು ದೊಡ್ಡದೆಂದು ಬರೆದರೆ ಕ್ರೆಡಿಟ್ಟೂ ಅಷ್ಟು ಹೆಚ್ಚು, ಆದ್ದರಿಂದ ಬರೆಯುವವರ ಕೈ ಉದಾರವಾಗುತ್ತದೆ. 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಆರು ದೇಶಗಳ 26 ಅರಣ್ಯ ಯೋಜನೆಗಳನ್ನು ಪರಿಶೀಲಿಸಿ, ಬಹುಪಾಲು ಕಡೆ ಕಾಡು ಕಡಿಯುವುದು ಹೇಳುವಷ್ಟೇನೂ ತಗ್ಗಿಲ್ಲ ಎಂದಿತು. ನನ್ನನ್ನು ಹೆಚ್ಚು ಕಾಡುವುದು ಈ ಸುಳ್ಳು ಲೆಕ್ಕಕ್ಕಿಂತ, ಆ ಕಥೆಯಲ್ಲಿ ಖಳನ ಪಾತ್ರ ಯಾರಿಗೆ ಸಿಗುತ್ತದೆ ಎಂಬುದು. ಸೌದೆ ತರುವವರು, ದನ ಮೇಯಿಸುವವರು, ತರಗಿಗೆ ಬೆಂಕಿ ಕೊಡುವವರು, ಅಂದರೆ ಕಾಡಿನೊಳಗಿನವರೇ.

ನಮ್ಮ ಕಾನೂನಿನಲ್ಲಿ ಇದಕ್ಕೆ ಉತ್ತರದ ಬೀಜವಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಜೇನು, ಮೇಣ, ಬಿದಿರು, ಗಿಡಮೂಲಿಕೆಯಂಥ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು, ಅದನ್ನು ಮಾರುವ ಹಕ್ಕನ್ನೂ ಸೇರಿಸಿ, ಕಾಡಿನ ಜನರಿಗೆ ಕೊಟ್ಟಿದೆ. ಸಮುದಾಯದ ಅರಣ್ಯವನ್ನು ಕಾಪಾಡುವ, ನಿರ್ವಹಿಸುವ ಹಕ್ಕೂ ಅದರಲ್ಲಿದೆ. 2011ರಲ್ಲಿ ಬಿಳಿಗಿರಿಯ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ, ಅಕ್ಟೋಬರಿನಲ್ಲಿ, ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಕಾಯ್ದೆಯಲ್ಲಿ ಇಂಗಾಲದ ಹೆಸರಿಲ್ಲ, ದಿಟ. ಆದರೆ ಮರದಲ್ಲಿ, ಮಣ್ಣಿನಲ್ಲಿ ಇಂಗಾಲ ಉಳಿಯುವುದು ಕಾಡನ್ನು ನಿರ್ವಹಿಸುವ ಕೆಲಸದ ಫಲ. ಆ ಕೆಲಸದ ಹಕ್ಕು ಗ್ರಾಮಸಭೆಯದಾದರೆ ಫಲದ ಮಾತನ್ನು ಬೇರೊಬ್ಬರು ಆಡಲು ಬರುವುದಿಲ್ಲ. ಆದಾಯದಲ್ಲಿ ಬುಡಕಟ್ಟಿನವರಿಗೆ ಶೇಕಡಾ ಎಷ್ಟು ಎಂದು ಚೌಕಾಸಿ ಮಾಡುವ ಮೊದಲು ಮಾರುವವರು ಯಾರು ಎಂಬುದು ತೀರ್ಮಾನವಾಗಬೇಕು. ಪಾಲು ಮಾತ್ರ ಪಡೆಯುವವರು ಸಹಿ ಹಾಕುವುದಿಲ್ಲ, ಅವರಿಗೆ ಬೇಡ ಎನ್ನಲೂ ಆಗುವುದಿಲ್ಲ.

ಇಂಗಾಲ ದೇಶದ ಲೆಕ್ಕಕ್ಕೆ ಸೇರಿದ್ದು, ಪ್ಯಾರಿಸ್ ಒಪ್ಪಂದದಲ್ಲಿ ಮಾತು ಕೊಟ್ಟದ್ದು ಸರ್ಕಾರ, ಸೋಲಿಗರ ಒಂದೊಂದು ಪೋಡೂ, ಅಂದರೆ ಹಳ್ಳಿಯೂ, ಹೊರದೇಶಕ್ಕೆ ಮಾರಲು ಹೊರಟರೆ ಗತಿಯೇನು ಎಂಬ ಆಕ್ಷೇಪವಿದೆ. ಹೊರದೇಶಕ್ಕೆ ಮಾರಲು ಅನುಮತಿ ಬೇಕು ಎಂದು ಸರ್ಕಾರ ನಿಯಮ ಮಾಡಲಿ, ತಪ್ಪಿಲ್ಲ. ಭತ್ತದ ರಫ್ತಿಗೂ ನಿಯಮವಿದೆ, ಹಾಗೆಂದು ತಿ. ನರಸೀಪುರದ ರೈತನ ಭತ್ತ ಸರ್ಕಾರದ್ದಾಗಲಿಲ್ಲ. ಗ್ರಾಮಸಭೆಯನ್ನು ಯಾರು ಬೇಕಾದರೂ ಒಲಿಸಿಕೊಳ್ಳಬಹುದು ಎಂಬುದು ಇನ್ನೊಂದು ಮಾತು. ಆದರೆ ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಸಭೆ ಸೇರಿದ ಹನ್ನೆರಡು ಗ್ರಾಮಸಭೆಗಳಲ್ಲಿ ಹನ್ನೆರಡೂ ಬೆಟ್ಟ ಅಗೆಯುವ ಗಣಿ ಬೇಡ ಎಂದವು. ಕೀನ್ಯದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಉತ್ತರದ ಹುಲ್ಲುಗಾವಲಿನಲ್ಲಿ ಬೋರಾನ, ಸಂಬೂರು ದನಗಾಹಿಗಳ ನೆಲದ ಮೇಲೆ ದೊಡ್ಡ ಇಂಗಾಲ ಯೋಜನೆ ಎದ್ದಿತು, ಮೆಟಾ, ನೆಟ್‌ಫ್ಲಿಕ್ಸ್ ಕ್ರೆಡಿಟ್ ಕೊಂಡವು. ಕೊನೆಗೆ 2025ರ ಜನವರಿಯಲ್ಲಿ ಇಸಿಯೋಲೊ ನ್ಯಾಯಾಲಯ, ಜನರನ್ನು ಸರಿಯಾಗಿ ಒಳಗೊಳ್ಳದೆ ರಚಿಸಿದ ಎರಡು ಸಂರಕ್ಷಣಾ ಘಟಕಗಳು, ಅವುಗಳಲ್ಲೊಂದು ಈ ಯೋಜನೆಯ ಭಾಗವೇ, ಸಂವಿಧಾನಬಾಹಿರ ಎಂದಿತು. ಒಪ್ಪಿಗೆ ಕೇಳದೆ ಉಳಿಸಿದ ಕಾಲ ಕ್ರೆಡಿಟ್ ಕೊಂಡವರಿಗೂ ದಕ್ಕಲಿಲ್ಲ.

ಹಕ್ಕೊಂದು ಸಿಕ್ಕರೆ ಎಲ್ಲ ನೆಟ್ಟಗಾಗುತ್ತದೆ ಎಂದು ನಾನು ಹೇಳಲಾರೆ. ಬ್ರೆಜಿಲಿನ ಸುರುಯಿ ಜನ ತಮ್ಮದೇ ನೆಲದಲ್ಲಿ, ತಮ್ಮ ಕುಲಗಳನ್ನೆಲ್ಲ ಕೇಳಿಯೇ ಯೋಜನೆ ಮಾಡಿದರು. 2013ರಲ್ಲಿ ನಟುರಾ ಎಂಬ ಕಂಪನಿಗೆ 1,20,000 ಟನ್ನಿನ ಕ್ರೆಡಿಟ್ ಮಾರಿದರು. ಅಕ್ರಮ ಗಣಿಗಾರರು, ಮರಗಳ್ಳರು ನುಗ್ಗಿ 2018ರಲ್ಲಿ ಅದು ನಿಂತಿತು. ಒಡೆತನದ ಕಾಗದದ ಹಿಂದೆ ಪೊಲೀಸೂ ಸರ್ಕಾರವೂ ನಿಲ್ಲದಿದ್ದರೆ ಕಾಗದ ಕಾಗದವೇ. ಆದರೆ ಬಡವರ ಸಂಘಕ್ಕೆ ಈ ತಾಂತ್ರಿಕ ವ್ಯವಹಾರ ನಿಭಾಯಿಸಲಾಗದು ಎಂಬ ಮಾತನ್ನು ಮಾತ್ರ ಕರ್ನಾಟಕದಲ್ಲಿ ಯಾರೂ ಆಡಬಾರದು. ಬಾಗೇಪಲ್ಲಿಯ ಕೂಲಿ ಸಂಘ 2005ರಲ್ಲೇ 5,500 ಮನೆಗಳ ಗೋಬರ್ ಗ್ಯಾಸ್ ಯೋಜನೆಯನ್ನು ತನ್ನ ಹೆಸರಿನಲ್ಲೇ ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಲ್ಲಿ (ಸಿಡಿಎಂ) ನೋಂದಾಯಿಸಿತು. ಅದು ಕ್ಯೋಟೊ ಒಪ್ಪಂದದ ಮಾರುಕಟ್ಟೆ, ಸಂಘವೂ ಬುಡಕಟ್ಟಿನವರದೊಂದೇ ಅಲ್ಲ. ಆದರೂ ಮಾರುವವರ ಜಾಗದಲ್ಲಿ ಕೂಲಿಗಳ ಸಂಘವೇ ಇತ್ತು.

ನಂಜನಗೂಡು, ತಿ. ನರಸೀಪುರದ ಗದ್ದೆಗಳಿಗೆ ಕಬಿನಿಯ ನೀರು ಬರುವ ಮೇಲ್ದಿಕ್ಕಿನಲ್ಲಿ ನಾಗರಹೊಳೆಯಿದೆ. ಅಲ್ಲಿಂದ ಹಿಂದೆ ಒಕ್ಕಲೆದ್ದಿದ್ದ 52 ಜೇನುಕುರುಬ ಕುಟುಂಬಗಳು 2025ರ ಮೇ ತಿಂಗಳಲ್ಲಿ ಅರಣ್ಯ ಹಕ್ಕು ಕಾಯ್ದೆಯ ಹೆಸರೆತ್ತಿ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಗುಡಿಸಲು ಹಾಕಿದವು. ಇನ್ನೊಂದು ಕಡೆ ಕೇಂದ್ರ ಸರ್ಕಾರ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನೂ, ಅದೇ ವರ್ಷ ಹಸಿರು ಕ್ರೆಡಿಟ್ ನಿಯಮಗಳನ್ನೂ ಹೊರಡಿಸಿಯಾಗಿದೆ. ಎರಡನೆಯದು ಹಾಳುಬಿದ್ದ ಅರಣ್ಯಭೂಮಿಯಲ್ಲಿ ಗಿಡ ನೆಡಲು ದುಡ್ಡು ಕೊಟ್ಟವರಿಗೆ ಕ್ರೆಡಿಟ್ ಕೊಡುತ್ತದೆ. ಕಾಡಿನ ಅಂಚಿನ ಯಾವ ತುಂಡು ಹಾಳುಬಿದ್ದದ್ದು, ಯಾವುದು ಬುಡಕಟ್ಟಿನವರ ಹಾಡಿಯ ಮೇವಿನ ಜಾಗ, ಯಾವುದು ದೇವರ ಜಾಗ ಎಂದು ಗುರುತಿಸುವ ಕೆಲಸ ಸದ್ಯಕ್ಕೆ ಅರಣ್ಯ ಇಲಾಖೆಯದು. ನಾಳೆ ಕಂಪನಿಯೊಂದು ಕಬಿನಿಯ ದಂಡೆಗೆ ಬಂದು ಇಲ್ಲಿನ ಇಂಗಾಲಕ್ಕೆ ಯಾರೊಡನೆ ಕರಾರು ಮಾಡಬೇಕು ಎಂದು ಕೇಳಿದರೆ, ಮೊಹರು ಇರುವ ಕಚೇರಿ ಅದೊಂದೇ. ಹಾಡಿಗಳ ಹಕ್ಕಿನ ಅರ್ಜಿಗಳು ಆ ಕರಾರಿಗಿಂತ ಮೊದಲು ಇತ್ಯರ್ಥವಾಗಬೇಕು.