ಅಜ್ಜಿ ಅಗೆದ ಗೆಡ್ಡೆ



ಇಂದು ನಿಮಗೆ ಒಂದು ಕಾಡು ಗೆಡ್ಡೆಯ ಪರಿಚಯ ಮಾಡಿಕೊಡುತ್ತೇನೆ. ನಮ್ಮ ಅಡುಗೆಮನೆಯ ಹೆಸರು, ಉದ್ದು, ಅಲಸಂದೆಗಳಿಗೆ ಇದು ನೆಂಟ. ಎಲ್ಲವೂ ‘ವಿಗ್ನಾ’ ಎಂಬ ಒಂದೇ ಕುಲದವು. ಅವುಗಳಲ್ಲಿ ನಾವು ಕಾಳು ತಿನ್ನುತ್ತೇವೆ. ಇದರಲ್ಲಿ ತಿನ್ನುವುದು ನೆಲದೊಳಗಿನ ಗೆಡ್ಡೆಯನ್ನು.

ಟಾಂಜಾನಿಯಾದ ಉತ್ತರದಲ್ಲಿ, ಎಯಾಸಿ ಸರೋವರದ ಸುತ್ತಲಿನ ಸವನ್ನಾ ಹುಲ್ಲುಗಾವಲಿನಲ್ಲಿ ಹಡ್ಜಾ ಜನರಿದ್ದಾರೆ. ಬೇಟೆ, ಜೇನು, ಹಣ್ಣು, ಗೆಡ್ಡೆಗಳಿಂದ ಬದುಕುತ್ತಾ ಬಂದವರು. ಈ ಗೆಡ್ಡೆಗೆ ಅವರು ‘ಎಕ್ವಾ’ ಎನ್ನುತ್ತಾರೆ. ಬೇಟೆ ಸಿಕ್ಕರೆ ಸಿಕ್ಕಿತು, ಹಣ್ಣಿಗೆ ಅದರದೇ ಕಾಲ. ಗೆಡ್ಡೆ ಮಾತ್ರ ವರ್ಷವಿಡೀ ಸಿಗುತ್ತದೆ. ಅಗೆಯುವವರು ಹೆಂಗಸರು. ಕೈಯಲ್ಲಿ ತುದಿ ಚೂಪಾದ ಒಂದು ಕೋಲು, ಅಷ್ಟೆ. ಕಲ್ಲುಗಳ ನಡುವಿನಿಂದ ಕಿತ್ತು, ಬೆಂಕಿಯಲ್ಲಿ ತುಸು ಸುಟ್ಟು, ಸಿಪ್ಪೆ ತೆಗೆದು ಅಗಿಯುತ್ತಾರೆ. ಉಳಿದ ನಾರನ್ನು, ನಾವು ಕಬ್ಬು ತಿಂದು ಉಗಿಯುವಂತೆ, ಉಗಿಯುತ್ತಾರೆ. ಚಿಕ್ಕ ಮಕ್ಕಳು ಹಣ್ಣು ಕಿತ್ತುಕೊಂಡಾರು. ಆಳದ ಎಕ್ವಾ ಅಗೆಯಲು ಅವರಿಗೆ ಶಕ್ತಿ ಸಾಲದು.

ಕ್ರಿಸ್ಟನ್ ಹಾಕ್ಸ್ ಎಂಬ ಮಾನವಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ಅಲ್ಲಿದ್ದು, ಯಾರು ಎಷ್ಟು ಹೊತ್ತು ದುಡಿಯುತ್ತಾರೆಂದು ಲೆಕ್ಕ ಇಟ್ಟರು. ಮಕ್ಕಳನ್ನು ತೂಗಿದರು. ಹೆರುವ ವಯಸ್ಸು ದಾಟಿದ ಹೆಂಗಸರು ಎಳೆಯರಿಗಿಂತ ಕಡಿಮೆ ದುಡಿಯುತ್ತಿರಲಿಲ್ಲ. 1997ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಸಂಗತಿ ಕೇಳಿ: ತಾಯಿಗೆ ಹೊಸ ಕೂಸು ಹುಟ್ಟಿದಾಗ, ಹಾಲು ಬಿಟ್ಟ ದೊಡ್ಡ ಮಗುವಿನ ತೂಕ ಏರುವುದು ತಾಯಿಯ ದುಡಿಮೆಯನ್ನಲ್ಲ, ಅಜ್ಜಿಯ ದುಡಿಮೆಯನ್ನು ಅನುಸರಿಸುತ್ತಿತ್ತು. ಹೆರಿಗೆಯ ಕಾಲ ಮುಗಿದ ಮೇಲೂ ಹೆಣ್ಣು ಬಹುಕಾಲ ಬದುಕುವುದಕ್ಕೆ ಇದೇ ಕಾರಣವಿರಬಹುದು ಎಂಬುದು ಅವರ ವಾದ. ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಆದರೆ ಆ ಮಕ್ಕಳ ತೂಕ ಸುಳ್ಳಲ್ಲ.

ನಮಗೆ ಇದು ಹೊಸದೇ? ಎರಡನೆಯ ಬಾಣಂತನಕ್ಕೆ ಊರಿನಿಂದ ಈ ಮಹಾನಗರಕ್ಕೆ ಬಂದ ಅಜ್ಜಿಯ ಮಡಿಲಿಗೇ ಅಲ್ಲವೇ ಮೊದಲ ಮಗು ಹೋಗುವುದು? ಊಟ, ನಿದ್ದೆ, ಸ್ಕೂಲ್ ಬಸ್ಸು, ಕನ್ನಡದ ನಾಲ್ಕು ಮಾತು, ಎಲ್ಲ ಅವರದೇ. ಆದರೂ “ಏನು ಮಾಡ್ತಿದ್ದೀರಮ್ಮ?” ಎಂದು ಕೇಳಿದರೆ “ಏನೂ ಇಲ್ಲ, ಮನೇಲೇ ಇರ್ತೀನಿ” ಎನ್ನುತ್ತಾರೆ.

ಇಲ್ಲಿ ಕುಳಿತಿರುವ ಅಜ್ಜಿಯರೇ, ಇನ್ನು ಮೇಲೆ ಹಾಗೆನ್ನಬೇಡಿ. ಮಗಳಂದಿರೇ, ಸೊಸೆಯಂದಿರೇ, ಅಜ್ಜಿ ಇದ್ದಾರಲ್ಲ ಎಂದು ಎಲ್ಲವನ್ನೂ ಅವರ ಮೇಲೆ ಹೇರಲೂಬೇಡಿ. ಅವರ ಮಂಡಿಯೂ ನೋಯುತ್ತದೆ. ಹಡ್ಜಾ ಅಜ್ಜಿಯ ದುಡಿಮೆಯನ್ನು ಯಾರೋ ದೂರದಿಂದ ಬಂದು ಲೆಕ್ಕ ಹಾಕಿದರು. ನಮ್ಮ ಮನೆಯ ಅಜ್ಜಿಯ ಲೆಕ್ಕವನ್ನು ನಾವೇ ಇಡೋಣ.