ಘೋರ್ಪಡೆಯವರ ಕಾಯ್ದೆ, ನಮ್ಮವ್ವನ ರುಜು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಮ್ಮ ತಾಲ್ಲೂಕಿನ ಒಬ್ಬ ನಾಯಕರ ಬಗ್ಗೆ ಮಾತಾಡು ಎಂದು ಗುರುಗಳು ಹೇಳಿದಾಗ ನನಗೆ ಮೊದಲು ನೆನಪಾದವರು ಎಂ.ವೈ. ಘೋರ್ಪಡೆಯವರು.

ಅವರು ಸಂಡೂರಿನ ರಾಜಮನೆತನದಲ್ಲಿ ಹುಟ್ಟಿದರು. ತಂದೆ ಯಶವಂತರಾವ್ ಘೋರ್ಪಡೆಯವರು 1932ರಲ್ಲೇ ಕುಮಾರಸ್ವಾಮಿ ದೇವಸ್ಥಾನದ ಬಾಗಿಲನ್ನು ಹರಿಜನರಿಗೆ ತೆರೆದವರು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. 1949ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ ಬಂದ ಮಗ, ಓಟು ಕೇಳಲು ನಮ್ಮ ಓಣಿಗಳಿಗೆ ಬಂದರು; ಸಂಡೂರಿನ ಶಾಸಕರಾದರು. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾದರು. ಬಿಡುವಿನಲ್ಲಿ ಕ್ಯಾಮೆರಾ ಹಿಡಿದು ಕಾಡು ಸುತ್ತುತ್ತಿದ್ದರು. ಅವರ ವನ್ಯಜೀವಿ ಚಿತ್ರಗಳ ಪುಸ್ತಕ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಹೆಸರುವಾಸಿ.

ಆದರೆ ನಮ್ಮ ಮನೆಗೆ ಅವರು ಬಂದದ್ದು ಬೇರೆ ದಾರಿಯಲ್ಲಿ. ಅವರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂತು. ಆಗ ಸದಸ್ಯ ಸ್ಥಾನಗಳಲ್ಲಿ ಮೂರನೇ ಒಂದಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿಗೆ ಮೀಸಲಾದವು. ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲಿ ಮತ್ತೆ ಅದೇ ಖಾತೆಯಲ್ಲಿ ಅವರಿದ್ದಾಗ, 2000ನೇ ಇಸವಿಯ ಚುನಾವಣೆಯಲ್ಲಿ ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು. ನಮ್ಮವ್ವ ಗೆದ್ದಳು.

ಅವ್ವ ಹೆಬ್ಬೆಟ್ಟು ಒತ್ತುವವಳು. ಮೊದಮೊದಲು ಜನ ಅಪ್ಪನನ್ನೇ ‘ಮೆಂಬರ್ರೇ’ ಎಂದು ಕರೆಯುತ್ತಿದ್ದರು. ಸಭೆಗೂ ಅಪ್ಪನೇ ಹೋಗುತ್ತಿದ್ದ. ಒಂದು ದಿನ ನಾನು ಇದೇ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದಾಗ ಪಾಲಕರ ಸಭೆ ನಡೆಯಿತು. ಅವ್ವ ಬಂದು ಹೆಬ್ಬೆಟ್ಟು ಒತ್ತಿದಳು. ಗೆಳೆಯರು ನಕ್ಕರು. ನಾನು ಅವಳು ನನ್ನವ್ವನೇ ಅಲ್ಲವೆನ್ನುವಂತೆ ಕಂಬದ ಹಿಂದೆ ನಿಂತೆ. ಅವಳು ನೋಡಿದಳು, ಏನೂ ಅನ್ನಲಿಲ್ಲ.

ಅಂದು ರಾತ್ರಿ ನನ್ನ ಹಳೆಯ ನೋಟ್‌ಬುಕ್ ತಂದು, ‘ನನ್ನ ಹೆಸರು ಬರಿ, ತಿದ್ದುತೀನಿ’ ಅಂದಳು. ರುಜು ಕಲಿಯಲು ಎರಡು ತಿಂಗಳು ಹಿಡಿಯಿತು. ಆಮೇಲೆ ಸಭೆಯ ನೋಟಿಸನ್ನು ನಾನು ಓದಿ ಹೇಳುವುದು, ಸಭೆಗೆ ಅವಳೇ ಹೋಗುವುದು. ಗ್ರಾಮಸಭೆಯಲ್ಲಿ ಎದ್ದು ಅವಳು ಮೊದಲು ಕೇಳಿದ್ದು ಈ ಶಾಲೆಯ ಹೆಣ್ಣುಮಕ್ಕಳಿಗೆ ಶೌಚಾಲಯ. ಮೂರು ಸಲ ಕೇಳಿದ ಮೇಲೆ ಆಯಿತು.

ಕಾಯ್ದೆ ಕುರ್ಚಿ ಕೊಡುತ್ತದೆ. ಅದರಲ್ಲಿ ಕೂರುವುದನ್ನು ನಾವೇ ಕಲಿಯಬೇಕು. ಘೋರ್ಪಡೆಯವರು 2011ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದದ್ದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಈ ಕುರ್ಚಿ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಬಿ.ಇ. ಮುಗಿಸಿ ಬೆಂಗಳೂರಿಗೆ ಹೋದ ನಾನು ಇಷ್ಟು ವರ್ಷಗಳಲ್ಲಿ ನಮ್ಮೂರ ಗ್ರಾಮಸಭೆಗೆ ಒಮ್ಮೆಯೂ ಬಂದಿಲ್ಲ. ಊರು ಹಾಳಾಯಿತು ಎಂದು ಫೋನಿನಲ್ಲಿ ಬೈದದ್ದು ಮಾತ್ರ ಉಂಟು. ನನ್ನಂಥ ಹಳೆಯ ವಿದ್ಯಾರ್ಥಿಗಳು ಇಲ್ಲಿ ಬಹಳ ಮಂದಿ ಇದ್ದೀರಿ. ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಮುಂದಿನ ಸಭೆಗೆ ಬರೋಣ. ಶಾಲೆಗೆ ಏನು ಬೇಕೋ ಎದ್ದು ಕೇಳೋಣ. ದೇಣಿಗೆ ಕೊಡುವುದು ಸುಲಭ, ಬಂದು ಕೂರುವುದು ಕಷ್ಟ.

ನಮ್ಮವ್ವ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಅವತ್ತು ಕಂಬದ ಹಿಂದೆ ನಿಂತವನು ಇವತ್ತು ಎಲ್ಲರೆದುರು ಹೇಳುತ್ತಿದ್ದೇನೆ: ಅವಳು ನನ್ನವ್ವ.